ಗಣಕಯಂತ್ರದ ಭಂಡಾರ: ರಕ್ಷಣೆ, ವೇಗ, ವಿಸ್ತಾರ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲರೂ ಕನ್ನಡ ಪಾಠದಲ್ಲಿ ಓದಿದ್ದೇವೆ. ಶಾಂತಿಪುರಾಣವು ಇಂದಿಗೂ ನಮಗೆ ಲಭ್ಯವಾಗಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವಾದರೋ ನಮಗೆ ದೊರೆತಿಲ್ಲ. ಒಂದು ಗ್ರಂಥ ಉಳಿಯುವುದಕ್ಕೂ ಇನ್ನೊಂದು ಅಳಿಯುವುದಕ್ಕೂ ಕಾರಣಗಳು ಹಲವಿರಬಹುದು; ಆದರೆ ಪ್ರತಿಗಳು ಹೆಚ್ಚಿದಷ್ಟೂ ಉಳಿಯುವ ಸಂಭವವೂ ಹೆಚ್ಚುವುದೆಂಬುದರಲ್ಲಿ ಸಂದೇಹವಿಲ್ಲ.

ಗಣಕಯಂತ್ರದ ಪಾಠಕ್ಕೆ ಈ ಪೀಠಿಕೆಯೇಕೆಂದು ವಾಚಕರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ, ಸ್ನೇಹಸಮ್ಮೇಳನಗಳ ಭಾವಚಿತ್ರಗಳೊಡನೆ ಒಂದೇ ಒಂದು ಡಿಸ್ಕಿನಲ್ಲಿ ತುಂಬಿ ಇಟ್ಟಿದ್ದೆವು. ದೀಪಾವಳಿಯ ರಜೆಯಲ್ಲಿ ಮಕ್ಕಳು ಮನೆಗೆ ಹೋಗದೆ ಕುಳಿತು ಮಾಡಿದ ಕೆಲಸವದು. ಒಂದು ಸೋಮವಾರ ಬೆಳಿಗ್ಗೆ ಆ ಡಿಸ್ಕು ಟಕಟಕನೆ ಸದ್ದುಮಾಡಿ ಸುಮ್ಮನಾಯಿತು, ಮತ್ತೆ ಏಳಲಿಲ್ಲ. ಮೂಲ ಸಂಚಿಕೆಗಳಲ್ಲಿ ಕೆಲವು ಆ ಹೊತ್ತಿಗೆ ಗೆದ್ದಲಿನ ಪಾಲಾಗಿದ್ದುವು. ಮುಂಬಯಿಯಂಥ ಹೊರನಾಡಿನ ಊರಿನಲ್ಲಿ ಕನ್ನಡ ಶಾಲೆಯೊಂದರ ವಾರ್ಷಿಕ ಸಂಚಿಕೆಯನ್ನು ಬೇರೆ ಯಾರಾದರೂ ಕಾಪಾಡಿಟ್ಟಿರುವರೆಂಬ ಭರವಸೆಯಿಲ್ಲ. ಹೋದದ್ದು ಹೋಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ನಾವು ಆ ಮೇಲೆ ಈ ವಿಷಯವನ್ನು ಅಭ್ಯಾಸಮಾಡಿದೆವು. ನಮ್ಮ ವಿದ್ಯಾರ್ಥಿಗಳಾದರೂ ಊರು ಕೊಳ್ಳೆ ಹೋಗುವ ಮುನ್ನವೇ ಬಾಗಿಲು ಹಾಕಲೆಂಬುದೇ ಈ ಲೇಖನದ ಉದ್ದೇಶ.

1. ಡಿಸ್ಕು ಮತ್ತು ಅದರ ಸ್ವಭಾವ

ಗಣಕಯಂತ್ರವನ್ನು ನಿಲ್ಲಿಸಿದ ಮೇಲೆಯೂ ಬರೆದುದನ್ನು ಹಿಡಿದಿಟ್ಟುಕೊಳ್ಳುವ ಭಾಗವೇ ಡಿಸ್ಕು. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲನೆಯ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು; ಅವೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಗಲದ ಡಿಸ್ಕಿನಲ್ಲಿ ನಾಲ್ಕು ಟೆರಾಬೈಟ್, ಅಂದರೆ ನಾಲ್ಕು ಲಕ್ಷ ಕೋಟಿ ಬೈಟ್‌ಗಳು ಅಡಗುತ್ತವೆ. ಗಾತ್ರ ಕುಗ್ಗಿತು, ಧಾರಣಶಕ್ತಿ ಹಿಗ್ಗಿತು. ಆದರೆ ಒಂದು ಗುಣ ಮಾತ್ರ ಬದಲಾಗಲಿಲ್ಲ. ಯಾವ ಡಿಸ್ಕೂ ಶಾಶ್ವತವಲ್ಲ. ತಿರುಗುವ ತಟ್ಟೆಯದಾಗಲಿ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಾಗಲಿ, ಮುನ್ಸೂಚನೆ ಕೊಡದೆಯೇ ಕೆಡಬಹುದು. ಆದುದರಿಂದ ಡಿಸ್ಕು ಕೆಡುವುದೇ ಎಂದು ಕೇಳುವುದು ವ್ಯರ್ಥ. ಕೆಟ್ಟ ದಿನ ನಮ್ಮ ಗತಿಯೇನು ಎಂದು ಕೇಳತಕ್ಕದ್ದು.

1988ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧವನ್ನು ಪ್ರಕಟಿಸಿದರು. ದೊಡ್ಡದಾದ ಒಂದು ದುಬಾರಿ ಡಿಸ್ಕಿಗೆ ಬದಲಾಗಿ ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಜೋಡಿಸಿ ಕೆಲಸಮಾಡಿಸಬಹುದು. ಆದರೆ ಸಂಖ್ಯೆ ಹೆಚ್ಚಿದಂತೆ ಕೆಡುವ ಸಂಭವವೂ ಹೆಚ್ಚುವುದರಿಂದ, ಜೋಡಣೆಯಲ್ಲಿಯೇ ರಕ್ಷಣೆಯನ್ನು ಸೇರಿಸಬೇಕು ಎಂಬುದು ಅದರ ಸಾರ. ಈ ಜೋಡಣೆಗೆ ಅವರಿತ್ತ ಹೆಸರು ರೇಡ್. ಮುಂದೆ ಹೇಳಲಿರುವ ಪ್ರತಿಬಿಂಬಕ್ಕೆ ರೇಡ್ 1 ಎಂದೂ, ಪಟ್ಟೆ ಹಂಚಿಕೆಗೆ ರೇಡ್ 0 ಎಂದೂ ಸಂಖ್ಯೆಗಳು ರೂಢಿಯಲ್ಲಿವೆ.

2. ಪ್ರತಿಬಿಂಬ

ಇಂಗ್ಲಿಷಿನಲ್ಲಿ ಮಿರರಿಂಗ್ ಎನ್ನುವುದನ್ನು ನಾವು ಪ್ರತಿಬಿಂಬವೆಂದು ಕರೆಯೋಣ. ಇದರಲ್ಲಿ ಎರಡು ಡಿಸ್ಕುಗಳು ಜೋಡಿಯಾಗಿ ನಿಲ್ಲುತ್ತವೆ. ಒಂದರಲ್ಲಿ ಬರೆದ ಪ್ರತಿಯೊಂದು ಅಕ್ಷರವೂ ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಬರೆಯಲ್ಪಡುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ನಡೆಯಿಸಿಕೊಂಡು ಹೋಗುತ್ತದೆ; ಕುಳಿತು ಓದುತ್ತಿರುವವನಿಗೆ ಅದರ ಅರಿವೂ ಆಗದು. ಓದುವಾಗ ಎರಡು ಡಿಸ್ಕುಗಳೂ ಕೆಲಸವನ್ನು ಹಂಚಿಕೊಳ್ಳಬಲ್ಲವಾದುದರಿಂದ ಸ್ವಲ್ಪ ಲಾಭವೂ ಉಂಟು. ಆದರೆ ನಾಲ್ಕು ಟೆರಾಬೈಟಿನ ಎರಡು ಡಿಸ್ಕುಗಳನ್ನು ಕೊಂಡರೂ ಉಪಯೋಗಕ್ಕೆ ಬರುವುದು ನಾಲ್ಕು ಟೆರಾಬೈಟ್ ಮಾತ್ರ. ಅರ್ಧವನ್ನು ರಕ್ಷಣೆಗೆ ತೆರಬೇಕು.

3. ಪಟ್ಟೆ ಹಂಚಿಕೆ

ಸ್ಟ್ರೈಪಿಂಗ್ ಎಂಬ ವಿಧಾನವು ಇದಕ್ಕೆ ವಿರುದ್ಧ ಸ್ವಭಾವದ್ದು. ಒಂದು ದೊಡ್ಡ ಕಡತವನ್ನು ಸಮನಾದ ಪಟ್ಟೆಗಳಾಗಿ ಕತ್ತರಿಸಿ, ಮೊದಲನೆಯದನ್ನು ಮೊದಲ ಡಿಸ್ಕಿಗೂ, ಎರಡನೆಯದನ್ನು ಎರಡನೆಯ ಡಿಸ್ಕಿಗೂ, ಮೂರನೆಯದನ್ನು ಮತ್ತೆ ಮೊದಲನೆಯದಕ್ಕೂ ಹಂಚುತ್ತ ಹೋಗುವುದೇ ಪಟ್ಟೆ ಹಂಚಿಕೆ. ಸಹಪಂಕ್ತಿ ಭೋಜನದಲ್ಲಿ ಒಬ್ಬನೇ ಬಡಿಸಿದರೆ ಎಷ್ಟು ಹೊತ್ತು ಬೇಕೋ, ಇಬ್ಬರು ಬಡಿಸಿದರೆ ಸುಮಾರು ಅದರ ಅರ್ಧ ಹೊತ್ತು ಸಾಕಲ್ಲವೆ? ಅಂತೆಯೇ ಇಲ್ಲಿಯೂ ದೊಡ್ಡ ಕಡತಗಳನ್ನು ಓದುವ ಮತ್ತು ಬರೆಯುವ ವೇಗ ಹೆಚ್ಚುತ್ತದೆ. ಸ್ಥಳವೂ ಪೂರ್ತಿಯಾಗಿ ದೊರೆಯುತ್ತದೆ.

ಆದರೆ ಅಪಾಯವೂ ಇಲ್ಲಿಯೇ ಇದೆ. ಪ್ರತಿಯೊಂದು ದೊಡ್ಡ ಕಡತದ ಚೂರುಗಳೂ ಎಲ್ಲ ಡಿಸ್ಕುಗಳಲ್ಲಿ ಚದರಿರುವುದರಿಂದ, ಒಂದೇ ಒಂದು ಡಿಸ್ಕು ಕೆಟ್ಟರೂ ಸಮಸ್ತವೂ ನಾಶವಾದಂತೆಯೇ. ವೇಗದ ಆಸೆಗೆ ಪಟ್ಟೆ ಹಂಚಿಕೆಯೊಂದನ್ನೇ ನಂಬುವುದು, ಅಮೂಲ್ಯವಾದ ಸಾಮಗ್ರಿಗೆ ಎಂದಿಗೂ ಸಲ್ಲದು.

4. ಎರಡರ ಸಂಯೋಗ: ಕ್ರಮವೇ ಮುಖ್ಯ

ಒಂದಕ್ಕೆ ರಕ್ಷಣೆ, ಇನ್ನೊಂದಕ್ಕೆ ವೇಗ. ಎರಡನ್ನೂ ಕೂಡಿಸಿದರೆ ಎರಡು ಗುಣಗಳೂ ಲಭಿಸುತ್ತವೆ. ಆದರೆ ಕೂಡಿಸುವ ಕ್ರಮ ಎರಡು ಬಗೆಯಾಗಿರಬಹುದು. ಕ, ಖ, ಗ, ಘ ಎಂಬ ನಾಲ್ಕು ಡಿಸ್ಕುಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯ ಕ್ರಮ: ಕ ಮತ್ತು ಖ ಒಂದು ಪ್ರತಿಬಿಂಬದ ಜೋಡಿ, ಗ ಮತ್ತು ಘ ಇನ್ನೊಂದು ಜೋಡಿ. ಈ ಎರಡು ಜೋಡಿಗಳ ಮೇಲೆ ಪಟ್ಟೆಗಳನ್ನು ಹಂಚುತ್ತೇವೆ. ಇದಕ್ಕೆ ರೇಡ್ 10 ಎಂದು ಹೆಸರು. ಹತ್ತು ಎಂದು ಓದದೆ, ಒಂದು ಮತ್ತು ಸೊನ್ನೆ ಎಂದು ತಿಳಿಯಬೇಕು. ಕೆಳಗೆ ಪ್ರತಿಬಿಂಬ, ಮೇಲೆ ಪಟ್ಟೆ ಎಂದು ಅರ್ಥ.

ಎರಡನೆಯ ಕ್ರಮ: ಕ, ಖಗಳ ಮೇಲೆ ಪಟ್ಟೆ ಹಂಚಿ ಒಂದು ತಂಡ, ಗ, ಘಗಳ ಮೇಲೆ ಪಟ್ಟೆ ಹಂಚಿ ಇನ್ನೊಂದು ತಂಡ. ಒಂದು ತಂಡವು ಇನ್ನೊಂದರ ಪ್ರತಿಬಿಂಬ. ಇದು ರೇಡ್ 01.

ಎರಡಕ್ಕೂ ಡಿಸ್ಕುಗಳು ನಾಲ್ಕೇ, ಸ್ಥಳವೂ ಅಷ್ಟೇ. ಹಾಗಾದರೆ ಭೇದವೇನು? ಕ ಎಂಬ ಡಿಸ್ಕು ಕೆಟ್ಟಿತೆನ್ನೋಣ. ಮೊದಲನೆಯ ಕ್ರಮದಲ್ಲಿ, ಉಳಿದ ಮೂರರಲ್ಲಿ ಖ ಒಂದು ಕೆಟ್ಟರೆ ಮಾತ್ರ ಸರ್ವನಾಶ. ಗ ಅಥವಾ ಘ ಕೆಟ್ಟರೆ ಇನ್ನೂ ಬದುಕಿದ್ದೇವೆ. ಎರಡನೆಯ ಕ್ರಮದಲ್ಲಿ ಕ ಕೆಟ್ಟೊಡನೆಯೇ ಅದರ ತಂಡವೆಲ್ಲ ನಿರುಪಯೋಗವಾಗುತ್ತದೆ. ಖ ಚೆನ್ನಾಗಿದ್ದರೂ ಅದರಲ್ಲಿರುವುದು ಅರ್ಧಂಬರ್ಧ ಚೂರುಗಳು. ಆಗ ಗ ಕೆಟ್ಟರೂ ನಾಶ, ಘ ಕೆಟ್ಟರೂ ನಾಶ. ಎಂದರೆ ಎರಡನೆಯ ಡಿಸ್ಕು ಕೆಟ್ಟಾಗ ಸರ್ವನಾಶವಾಗುವ ಸಂಭವ ಮೊದಲ ಕ್ರಮದಲ್ಲಿ ಮೂರರಲ್ಲೊಂದು, ಎರಡನೆಯದರಲ್ಲಿ ಮೂರರಲ್ಲಿ ಎರಡು. ಎಂಟು ಡಿಸ್ಕುಗಳಿಗೆ ಲೆಕ್ಕಹಾಕುವುದನ್ನು ಗಣಿತಪ್ರಿಯರಾದ ವಿದ್ಯಾರ್ಥಿಗಳಿಗೆ ಬಿಟ್ಟಿದ್ದೇವೆ; ಉತ್ತರಗಳು ಏಳರಲ್ಲೊಂದು ಮತ್ತು ಏಳರಲ್ಲಿ ನಾಲ್ಕು ಎಂದು ಬರತಕ್ಕದ್ದು.

ಇನ್ನೊಂದು ಬಗೆಯಾಗಿ ಲೆಕ್ಕಮಾಡೋಣ. ಒಂದು ಅವಧಿಯಲ್ಲಿ ಯಾವುದೇ ಡಿಸ್ಕು ಕೆಡುವ ಸಂಭವ ನೂರಕ್ಕೆ ಐದು ಎಂದೂ, ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲವೆಂದೂ, ಕೆಟ್ಟುದನ್ನು ಯಾರೂ ಬದಲಾಯಿಸಲಿಲ್ಲವೆಂದೂ ಲೆಕ್ಕದ ಸಲುವಾಗಿ ಇಟ್ಟುಕೊಳ್ಳೋಣ. ಆಗ ನಾಲ್ಕು ಡಿಸ್ಕುಗಳ ಬರಿಯ ಪಟ್ಟೆ ಹಂಚಿಕೆಯಲ್ಲಿ ಸರ್ವನಾಶದ ಸಂಭವ ಹತ್ತು ಸಾವಿರಕ್ಕೆ ಸುಮಾರು 1,855. ರೇಡ್ 01ರಲ್ಲಿ ಸುಮಾರು 95. ರೇಡ್ 10ರಲ್ಲಿ ಸುಮಾರು 50. ಒಂದು ಕಾಸೂ ಹೆಚ್ಚು ವೆಚ್ಚವಿಲ್ಲದೆ, ಜೋಡಿಸುವ ಕ್ರಮವನ್ನು ಬದಲಿಸಿದ ಮಾತ್ರಕ್ಕೆ ಅಪಾಯವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ರಕ್ಷಣೆಯು ತಳದಲ್ಲಿರಬೇಕು, ಉಳಿದುದೆಲ್ಲ ಅದರ ಮೇಲೆ ನಿಲ್ಲಬೇಕೆಂಬುದೇ ಈ ಪಾಠದ ತಿರುಳು.

5. ವಿಸ್ತಾರದ ಸಮಸ್ಯೆ

ಇಷ್ಟರಿಂದ ರಕ್ಷಣೆಯೂ ವೇಗವೂ ದೊರೆತುವು. ಆದರೆ ಇನ್ನೊಂದು ತೊಡಕು ಉಳಿದಿದೆ. ದೊಡ್ಡ ಡಿಸ್ಕನ್ನು ಭಾಗಮಾಡುವ ಹಳೆಯ ಪದ್ಧತಿಯು ಹೊಲಕ್ಕೆ ಬದು ಹಾಕಿದಂತೆ. ಭಾವಚಿತ್ರಗಳಿಗೆ ಇಷ್ಟು, ಕಚೇರಿಯ ಕಡತಗಳಿಗೆ ಇಷ್ಟು ಎಂದು ಮೊದಲೇ ಗಡಿ ಹಾಕುತ್ತೇವೆ. ಎರಡು ವರ್ಷ ಕಳೆಯುವಷ್ಟರಲ್ಲಿ ಭಾವಚಿತ್ರಗಳ ಭಾಗ ತುಂಬಿ ತುಳುಕುತ್ತದೆ, ಪಕ್ಕದ ಭಾಗ ಬರಿದಾಗಿ ಬಿದ್ದಿರುತ್ತದೆ. ಆದರೂ ಬದುವನ್ನು ಸರಿಸುವುದು ಕಷ್ಟ, ಕೆಲವೊಮ್ಮೆ ಅಪಾಯಕರ.

ಇದಕ್ಕೆ ಪರಿಹಾರವೇ ಲಾಜಿಕಲ್ ವಾಲ್ಯೂಮ್ ಮ್ಯಾನೇಜ್‌ಮೆಂಟ್, ಸಂಕ್ಷೇಪವಾಗಿ ಎಲ್‌ವಿಎಂ. ಲಿನಕ್ಸ್ ವ್ಯವಸ್ಥೆಗೆ ಇದನ್ನು 1998ರಲ್ಲಿ ಹೈನ್ಸ್ ಮಾವೆಲ್ಸ್‌ಹಾಗೆನ್ ಎಂಬುವರು ರಚಿಸಿದರು. ಅದಕ್ಕೆ ಮುಂಚೆಯೇ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಎಚ್‌ಪಿ-ಯುಎಕ್ಸ್‌ನಲ್ಲಿದ್ದ ಇಂಥ ವ್ಯವಸ್ಥೆಯೇ ಅವರಿಗೆ ಮಾದರಿ.

ಇದರಲ್ಲಿ ಮೂರು ಹಂತಗಳುಂಟು. ಫಿಸಿಕಲ್ ವಾಲ್ಯೂಮ್ ಎಂಬ ಮೊದಲನೆಯದನ್ನು ಆಧಾರಖಂಡವೆಂದೂ, ವಾಲ್ಯೂಮ್ ಗ್ರೂಪ್ ಎಂಬ ಎರಡನೆಯದನ್ನು ಖಂಡಸಮೂಹವೆಂದೂ, ಲಾಜಿಕಲ್ ವಾಲ್ಯೂಮ್ ಎಂಬ ಮೂರನೆಯದನ್ನು ಕಲ್ಪಿತಖಂಡವೆಂದೂ ಕರೆಯೋಣ. ಹಲವು ಹೊಲಗಳಿಂದ ಬಂದ ಧಾನ್ಯವನ್ನು ಒಂದೇ ಕಣಜಕ್ಕೆ ಸುರಿದು, ಬೇಕುಬೇಕಾದವರಿಗೆ ಸೇರಿನಿಂದ ಅಳೆದು ಕೊಡುವುದಿಲ್ಲವೆ? ಹೊಲಗಳು ಆಧಾರಖಂಡಗಳು, ಕಣಜವು ಖಂಡಸಮೂಹ, ಅಳೆದು ಕೊಟ್ಟ ಪಾಲುಗಳು ಕಲ್ಪಿತಖಂಡಗಳು. ಅಳೆಯುವ ಸೇರಿಗೆ ಎಕ್ಸ್‌ಟೆಂಟ್ ಎಂದು ಹೆಸರು; ನಾವಾಗಿ ಬೇರೆ ಹೇಳದಿದ್ದರೆ ಲಿನಕ್ಸಿನಲ್ಲಿ ಅದರ ಗಾತ್ರ ನಾಲ್ಕು ಮೆಗಾಬೈಟ್. ಯಾರಿಗಾದರೂ ಸಾಲದೆ ಬಂದರೆ ಕಣಜದಿಂದ ಇನ್ನಷ್ಟು ಅಳೆದು ಕೊಡಬಹುದು. ಕಣಜವೇ ಸಾಲದಿದ್ದರೆ ಹೊಸ ಹೊಲವನ್ನು ಸೇರಿಸಬಹುದು. ಬದುವಿನ ಜಗಳವೇ ಇಲ್ಲ.

ಆದರೆ ಒಂದು ಎಚ್ಚರಿಕೆ. ಎಲ್‌ವಿಎಂ ತಾನಾಗಿಯೇ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಬರಿಯ ಡಿಸ್ಕುಗಳನ್ನು ಕೂಡಿಸಿ ಕಣಜ ಮಾಡಿದರೆ, ಒಂದು ಡಿಸ್ಕು ಕೆಟ್ಟಾಗ ಅದರ ಮೇಲೆ ಹರಡಿಕೊಂಡಿದ್ದ ಕಲ್ಪಿತಖಂಡಗಳೆಲ್ಲ ಹಾಳಾಗುತ್ತವೆ. ಸ್ಥಳ ಹೆಚ್ಚಿಸಿಕೊಂಡೆವೆಂಬ ಹಿಗ್ಗಿನಲ್ಲಿ ಅಪಾಯವನ್ನು ಹೆಚ್ಚಿಸಿಕೊಂಡವರು ಬಹಳ.

6. ಮೂರನ್ನೂ ಜೋಡಿಸುವ ಬಗೆ

ಈಗ ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕುಗಳನ್ನು ತೆಗೆದುಕೊಂಡು ಭಂಡಾರವನ್ನು ಕಟ್ಟೋಣ.

ಮೊದಲನೆಯದಾಗಿ, ಲಿನಕ್ಸಿನ ಎಂಡಿಎಡಿಎಂ ಎಂಬ ಉಪಕರಣದಿಂದ ನಾಲ್ಕನ್ನೂ ರೇಡ್ 10 ಆಗಿ ಕೂಡಿಸಬೇಕು. ವ್ಯವಸ್ಥೆಯ ಕಣ್ಣಿಗೆ ಅದು ಎಂಟು ಟೆರಾಬೈಟಿನ ಒಂದೇ ಡಿಸ್ಕಿನಂತೆ ತೋರುತ್ತದೆ. ಸಾಧಾರಣ ಏರ್ಪಾಡಿನಲ್ಲಿ ನಾವು ಹೆಸರಿಸಿದ ಕ್ರಮದಲ್ಲಿ ಒಂದನೆಯದೂ ಎರಡನೆಯದೂ ಒಂದು ಜೋಡಿ, ಮೂರನೆಯದೂ ನಾಲ್ಕನೆಯದೂ ಇನ್ನೊಂದು ಜೋಡಿ. ಒಂದೇ ದಿನ ಒಂದೇ ಕಡೆ ತಯಾರಾದ ಡಿಸ್ಕುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೆಡುವುದೂ ಉಂಟು. ಆದುದರಿಂದ ಬೇರೆಬೇರೆ ತಯಾರಿಕೆಯ ಡಿಸ್ಕುಗಳನ್ನು ಒಂದು ಜೋಡಿಗೆ ಸೇರಿಸುವುದು ಜಾಣತನ.

ಎರಡನೆಯದಾಗಿ, ಪಿವಿಕ್ರಿಯೇಟ್ ಎಂಬ ಆಜ್ಞೆಯಿಂದ ಈ ಕೂಡಿಕೆಯನ್ನು ಆಧಾರಖಂಡವಾಗಿ ಗುರುತಿಸಿ, ವಿಜಿಕ್ರಿಯೇಟ್ ಎಂಬುದರಿಂದ ಖಂಡಸಮೂಹವನ್ನು ಮಾಡಬೇಕು. ನಮ್ಮ ಕಣಜದಲ್ಲಿ ಈಗ ಸುಮಾರು 19 ಲಕ್ಷ ಸೇರುಗಳಿವೆ.

ಮೂರನೆಯದಾಗಿ, ಎಲ್‌ವಿಕ್ರಿಯೇಟ್ ಎಂಬುದರಿಂದ ಪಾಲುಗಳನ್ನು ಅಳೆಯಬೇಕು. ಭಾವಚಿತ್ರಗಳಿಗೆ ಎರಡು ಟೆರಾಬೈಟ್, ಹಳೆಯ ಸಂಚಿಕೆಗಳಿಗೆ ಒಂದು, ಕಚೇರಿಗೆ ಅರ್ಧ. ಉಳಿದುದನ್ನು ಯಾರಿಗೂ ಕೊಡದೆ ಕಣಜದಲ್ಲಿಯೇ ಬಿಡಬೇಕು. ಇದ್ದುದನ್ನೆಲ್ಲ ಮೊದಲ ದಿನವೇ ಹಂಚಿಬಿಡುವುದು ಆರಂಭಿಕರ ಸಾಮಾನ್ಯ ತಪ್ಪು. ಪಾಲನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ಎಕ್ಸ್‌ಟಿ4 ಎಂಬ ಕಡತವ್ಯವಸ್ಥೆಯನ್ನು ಉಪಯೋಗದಲ್ಲಿರುವಾಗಲೇ ಹಿಗ್ಗಿಸಬಹುದು. ಕುಗ್ಗಿಸಬೇಕಾದರೆ ಉಪಯೋಗವನ್ನು ನಿಲ್ಲಿಸಲೇಬೇಕು.

ಪಟ್ಟೆ ಹಂಚುವ ಶಕ್ತಿ ಎಲ್‌ವಿಎಂಗೂ ಇದೆ. ಆದರೆ ಕೆಳಗೆ ರೇಡ್ 10 ಈಗಾಗಲೇ ಹಂಚಿರುವಾಗ ಮೇಲೆ ಮತ್ತೆ ಹಂಚುವುದರಿಂದ ಗೊಂದಲವಲ್ಲದೆ ಪ್ರಯೋಜನವಿಲ್ಲ. ಎಲ್‌ವಿಎಂ ತಾನೇ ರೇಡ್ 10 ಮಾದರಿಯ ಕಲ್ಪಿತಖಂಡಗಳನ್ನೂ ನಿರ್ಮಿಸಬಲ್ಲದು. ಅಮೂಲ್ಯವಾದ ಪಾಲಿಗೆ ಮಾತ್ರ ಪ್ರತಿಬಿಂಬವಿಟ್ಟು, ಹೋದರೂ ಚಿಂತೆಯಿಲ್ಲದ ಪಾಲನ್ನು ಹಾಗೆಯೇ ಬಿಡುವ ಸ್ವಾತಂತ್ರ್ಯ ಆ ಕ್ರಮದಲ್ಲುಂಟು. ಆದರೆ ಯಾವ ಪಾಲಿಗೆ ರಕ್ಷಣೆಯಿದೆ, ಯಾವುದಕ್ಕಿಲ್ಲವೆಂದು ಒಬ್ಬರು ಸದಾ ನೆನಪಿಡಬೇಕು. ಕೈಗಳು ಬದಲಾಗುತ್ತಿರುವ ಶಾಲೆಯಂಥ ಸ್ಥಳದಲ್ಲಿ ತಳದಲ್ಲಿಯೇ ಎಲ್ಲಕ್ಕೂ ಒಂದೇ ರಕ್ಷಣೆ ಇರುವುದು ಲೇಸೆಂದು ನಮ್ಮ ಮತ.

ಮುಂದೆ ಸ್ಥಳ ಸಾಲದೆ ಹೋದಾಗ, ಹೊಸ ಡಿಸ್ಕುಗಳನ್ನು ಕೊಂಡು ಮೊದಲು ಅವುಗಳೊಳಗೆ ಪ್ರತಿಬಿಂಬದ ಜೋಡಿ ಮಾಡಿ, ಆ ಜೋಡಿಯನ್ನೇ ಕಣಜಕ್ಕೆ ಸೇರಿಸತಕ್ಕದ್ದು. ಅವಸರದಲ್ಲಿ ಒಂಟಿ ಡಿಸ್ಕೊಂದನ್ನು ಸೇರಿಸಿಬಿಟ್ಟರೆ, ಆ ಒಂಟಿಯ ಮೇಲೆ ಯಾವ ಪಾಲು ಹರಡುವುದೋ ಆ ಪಾಲಿಗೆ ಅಂದಿನಿಂದ ರಕ್ಷಣೆಯಿಲ್ಲ. ಕಟ್ಟಿದ ಕೋಟೆಯಲ್ಲಿ ನಾವೇ ಕಿಂಡಿ ಕೊರೆದಂತೆ. ಹಳೆಯ ಡಿಸ್ಕುಗಳನ್ನು ವಿಶ್ರಾಂತಿಗೆ ಕಳುಹಿಸಬೇಕಾದಾಗಲಾದರೋ, ಪಿವಿಮೂವ್ ಎಂಬ ಆಜ್ಞೆಯು ಕೆಲಸ ನಡೆಯುತ್ತಿರುವಾಗಲೇ ಅವುಗಳಲ್ಲಿದ್ದುದನ್ನು ಹೊಸ ಜೋಡಿಗೆ ಸಾಗಿಸುತ್ತದೆ.

7. ಡಿಸ್ಕು ಕೆಟ್ಟ ದಿನ

ಕೆಟ್ಟ ಡಿಸ್ಕನ್ನು ತೆಗೆದು ಹೊಸತನ್ನು ಇಟ್ಟರೆ, ಅದರ ಜೊತೆಗಾರನಿಂದ ಎಲ್ಲವೂ ನಕಲಾಗುತ್ತದೆ. ಸೆಕೆಂಡಿಗೆ 150 ಮೆಗಾಬೈಟಿನಂತೆ ನಾಲ್ಕು ಟೆರಾಬೈಟ್ ನಕಲಾಗಲು ಸುಮಾರು ಏಳೂವರೆ ಗಂಟೆ ಬೇಕು. ಮೇಲೆ ಎಲ್‌ವಿಎಂಗೆ ಇದಾವುದೂ ತಿಳಿಯದು. ಕಣಜವು ಹೇಗಿತ್ತೋ ಹಾಗೆಯೇ ಇರುತ್ತದೆ. ಪದರಗಳನ್ನು ಹೀಗೆ ಬೇರೆಬೇರೆಯಾಗಿ ಇಟ್ಟುದರ ಫಲವಿದು. ಆದರೆ ಆ ಏಳೂವರೆ ಗಂಟೆಗಳು ಆತಂಕದ ಗಂಟೆಗಳು. ಜೊತೆಗಾರ ಡಿಸ್ಕು ಆಗಲೇ ಕೆಟ್ಟರೆ ಉಪಾಯವಿಲ್ಲ. ಆದುದರಿಂದ ಬದಲಿ ಡಿಸ್ಕೊಂದನ್ನು ಮುಂಚಿತವಾಗಿಯೇ ತಂದಿಡಬೇಕು.

ಇದಕ್ಕಿಂತಲೂ ದೊಡ್ಡ ಅಪಾಯವೊಂದಿದೆ. ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದ ಕಾರಣ, ಕೆಟ್ಟುದೇ ಯಾರ ಗಮನಕ್ಕೂ ಬಾರದಿರಬಹುದು. ತಿಂಗಳುಗಟ್ಟಲೆ ಒಂಟಿ ಡಿಸ್ಕಿನ ಮೇಲೆ ನಡೆದು, ಅದೂ ಕೆಟ್ಟ ದಿನ ಕಣ್ಣು ತೆರೆದವರುಂಟು. ಕೆಟ್ಟೊಡನೆ ಇ-ಮೇಲ್ ಮೂಲಕ ತಿಳಿಸುವ ಏರ್ಪಾಡು ಎಂಡಿಎಡಿಎಂನಲ್ಲಿದೆ, ಅದನ್ನು ಅಳವಡಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಎರಡು ಪ್ರತಿಗಳನ್ನೂ ಹೋಲಿಸಿ ನೋಡುವ ಪರೀಕ್ಷೆಯನ್ನೂ ನಡೆಯಿಸಬೇಕು.

8. ಪ್ರತಿಬಿಂಬವು ಪ್ರತಿಯಲ್ಲ

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಕನ್ನಡಿಯ ಮುಂದೆ ನಿಂತು ಮುಖಕ್ಕೆ ಮಸಿ ಬಳಿದುಕೊಂಡರೆ ಕನ್ನಡಿಯಲ್ಲಿಯೂ ಮಸಿಯೇ ಕಾಣುವುದು. ನಾವು ತಪ್ಪಿ ಒಂದು ಕಡತವನ್ನು ಅಳಿಸಿದರೆ, ಪ್ರತಿಬಿಂಬವು ನಿಷ್ಠೆಯಿಂದ ಎರಡೂ ಕಡೆ ಅಳಿಸುತ್ತದೆ. ವೈರಸ್ ಬಂದು ಕೆಡಿಸಿದರೆ ಎರಡನ್ನೂ ಕೆಡಿಸುತ್ತದೆ. ಎಲ್‌ವಿಎಂನಲ್ಲಿ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಎಂಬ ಸೌಕರ್ಯವಿದೆಯೆಂಬುದೇನೋ ದಿಟ. ಅದೂ ಇರುವುದು ಅದೇ ಕಣಜದಲ್ಲಿ.

2005ನೆಯ ಜುಲೈ 26ರ ಮಳೆಯನ್ನು ಮುಂಬಯಿಯ ಹಿರಿಯರು ಮರೆತಿಲ್ಲ. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು, ನೆಲಮಾಳಿಗೆಯೆಂದರೆ ನೀರೇ ಆಗಿದ್ದ ದಿನವದು. ಅಂಥ ದಿನ ಒಂದೇ ಪೆಟ್ಟಿಗೆಯೊಳಗಿನ ನಾಲ್ಕು ಡಿಸ್ಕುಗಳಿಗೂ ಗತಿ ಒಂದೇ. ಆದುದರಿಂದ ಇಷ್ಟೆಲ್ಲ ಕಟ್ಟಿದ ಮೇಲೆಯೂ ಬೇರೊಂದು ಡಿಸ್ಕಿನಲ್ಲಿ ಕಾಲಕಾಲಕ್ಕೆ ಪ್ರತಿ ತೆಗೆದು, ಅದನ್ನು ಬೇರೊಂದು ಕಟ್ಟಡದಲ್ಲಿ, ಸಾಧ್ಯವಾದರೆ ಬೇರೊಂದು ಊರಿನಲ್ಲಿ ಇಡಬೇಕು. ಆ ಪ್ರತಿಯಿಂದ ಕಡತಗಳು ನಿಜವಾಗಿ ಹೊರಬರುತ್ತವೆಯೇ ಎಂದು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು.

ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಬರೆಯಿಸಿ ಒಂದೇ ಉಗ್ರಾಣದಲ್ಲಿ ಪೇರಿಸಿಡಲಿಲ್ಲ, ಹಂಚಿದಳು. ಬರೆಯಿಸಿದುದರಷ್ಟೇ ಹಂಚಿದುದರಲ್ಲಿಯೂ ವಿವೇಕವಿತ್ತು. ಯಂತ್ರಗಳು ಬದಲಾಗಿವೆ, ಓಲೆಗರಿಯ ಸ್ಥಾನದಲ್ಲಿ ಡಿಸ್ಕು ಬಂದಿದೆ. ವಿವೇಕ ಮಾತ್ರ ಅದೇ ಬೇಕು. ಪ್ರತಿಬಿಂಬದಿಂದ ರಕ್ಷಣೆ, ಪಟ್ಟೆಯಿಂದ ವೇಗ, ಎಲ್‌ವಿಎಂನಿಂದ ವಿಸ್ತಾರ, ದೂರದ ಪ್ರತಿಯಿಂದ ಅಭಯ: ಈ ನಾಲ್ಕನ್ನೂ ಕ್ರಮವರಿತು ಜೋಡಿಸಿದವನಿಗೆ ಸೋಮವಾರ ಬೆಳಗಿನ ಟಕಟಕ ಸದ್ದು ಭಯ ಹುಟ್ಟಿಸದು. ಈ ವರ್ಷದ ರಜೆಯಲ್ಲಿ ಉಳಿದ ಹಳೆಯ ಸಂಚಿಕೆಗಳನ್ನು ಮತ್ತೆ ಸ್ಕ್ಯಾನ್ ಮಾಡಲು ಕುಳಿತುಕೊಳ್ಳುವೆವು. ಮನೆಯಲ್ಲಿ ಹಿರಿಯರ ಪೆಟ್ಟಿಗೆಯಲ್ಲಿ ನಮ್ಮ ಶಾಲೆಯ ಹಳೆಯ ಸಂಚಿಕೆಯೇನಾದರೂ ಇದ್ದರೆ ವಿದ್ಯಾರ್ಥಿಗಳು ದಯವಿಟ್ಟು ತಂದು ತೋರಿಸಬೇಕು. ಪುಟಗಳನ್ನು ನಕಲುಮಾಡಿಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇವೆ. ನಾವು ಕಳೆದುಕೊಂಡುದರ ಇನ್ನೊಂದು ಪ್ರತಿ ನಿಮ್ಮ ಮನೆಯಲ್ಲಿಯೇ ಇರಬಹುದು.